ಕಾಕಾನ ನಾರ್ಮಲ್ ರಿಪೋರ್ಟ್

ಖಾನಾಪುರದಿಂದ ಕಾಕಾ ವಾಟ್ಸಾಪಿನಲ್ಲಿ ಲ್ಯಾಬ್ ರಿಪೋರ್ಟ್ ಕಳಿಸಿದ್ರು. "ಟ್ಯೂಮರ್ ಮಾರ್ಕರ್ ಎಲ್ಲಾ ನಾರ್ಮಲ್ ಅದಾವ ನೋಡಪಾ. ಸ್ಕ್ಯಾನ್ ಮುಂದಿನ ತಿಂಗಳು ನೋಡೂಣು. ಬರೂ ಮುಂದ ಬೆಳಗಾವಿ ಕುಂದಾ ತಗೊಂಡು ಬಾ."

ಮಿದುಳಿನ ಗ್ಲಿಯೋಬ್ಲಾಸ್ಟೋಮಾ ಮರಳಿ ಬಂದು, ಎರಡನೇ ಸುತ್ತಿನ ಕೀಮೋ ಆಗಷ್ಟೇ ಮುಗಿದಿತ್ತು.

ರಿಪೋರ್ಟಿನಲ್ಲಿ ಇದ್ದದ್ದು ಸಿಇಎ, ಪಿಎಸ್ಎ. ಒಂದು ಹೆಚ್ಚಾಗಿ ಕರುಳಿನ ಕ್ಯಾನ್ಸರಿಗೆ, ಇನ್ನೊಂದು ಪ್ರಾಸ್ಟೇಟಿಗೆ. ಬೇರೆ ಸರ್ವರಿನ ಲಾಗ್ ನೋಡಿ 'ಎರರ್ ಇಲ್ಲ' ಅಂದಂಗೆ! ಗ್ಲಿಯೋಬ್ಲಾಸ್ಟೋಮಾ ಏರಿತೋ ಇಳಿಯಿತೋ ಅಂತ ನೆಚ್ಚಿಕೊಳ್ಳುವಂಥ ರಕ್ತಪರೀಕ್ಷೆ ಇನ್ನೂ ಬಳಕೆಗೆ ಬಂದಿಲ್ಲ. (ಮಿದುಳಿನ ಕೆಲವು ಜರ್ಮ್ ಸೆಲ್ ಗೆಡ್ಡೆಗಳಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ ಚಿಕಿತ್ಸೆಗೆ ತಕ್ಕಂತೆ ಇಳೀತಾವೆ. ಅದು ಬೇರೆ ಕಾಯಿಲೆ.) ಕಾಕಾನ ಫೈಲಿನಲ್ಲಿರುವ ಎಂಜಿಎಂಟಿ, ಐಡಿಎಚ್ ಪರೀಕ್ಷೆ ಆಪರೇಷನ್ನಿನಲ್ಲಿ ತೆಗೆದ ತುಣುಕಿನ ಮೇಲೆ ಮಾಡಿದ್ದು. ಟೆಮೊಜೊಲೊಮೈಡ್ ಎಷ್ಟು ನಾಟಬಹುದು ಅಂತ ಎಂಜಿಎಂಟಿ ಸುಳಿವು ಕೊಡುತ್ತೆ, ತಿಂಗಳು ತಿಂಗಳ ಲೆಕ್ಕ ಕೊಡಲ್ಲ.

ಉಳಿದದ್ದು ಎಂಆರ್‌ಐ. ಅದರಲ್ಲೂ ಗೊಂದಲ ಇದೆ: ರೇಡಿಯೇಷನ್ ಮುಗಿದ ಮೊದಲ 3 ತಿಂಗಳಲ್ಲಿ ಚಿಕಿತ್ಸೆಯ ಪರಿಣಾಮವೇ ಗೆಡ್ಡೆ ಬೆಳೆದಂತೆ ಕಾಣಬಹುದು. ಆದರೂ ಹಿಂದಿನ ಸ್ಕ್ಯಾನ್ ಪಕ್ಕ ಇಟ್ಟು ನೋಡಲೇಬೇಕು.

ಫೋನ್ ಹಚ್ಚಿ ಹೇಳಿದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ರು.

"ಹಂಗಾದ್ರ ಸ್ಕ್ಯಾನಿಗೆ ಯಾವಾಗ ಹೋಗೂಣು?"

ಮಂಗಳವಾರ ಕಾರು ತಗೊಂಡು ಬರ್ತೀನಿ ಅಂದೆ.

"ಕುಂದಾ ಮರೀಬ್ಯಾಡ."