ಕೊತ್ವಾಲನನ್ನು ಕರೆದವರು ಯಾರು?



ಕಡಬ ಹೋಬಳಿಯ ಮನೆಗಳಲ್ಲಿ ಇಂದು ಒಂದು ಚಿಂತೆ ಮತ್ತೆ ಮತ್ತೆ ಕೇಳಿಬರುತ್ತಿದೆ. ತೆಂಗು ಅಡಿಕೆಯ ತೋಟ ಬಿಟ್ಟು ಓದಲೋ ದುಡಿಯಲೋ ತುಮಕೂರು, ಬೆಂಗಳೂರುಗಳಿಗೆ ಹೋದ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ಅವರ ಮಾತಿನಲ್ಲಿ ಮಚ್ಚು, ಲಾಂಗು, ಡಾನ್ ಎಂಬ ಪದಗಳು ಸುಳಿದಾಡುತ್ತವೆ. ಕೈಯಲ್ಲಿರುವ ಫೋನಿನಲ್ಲಿಯೂ ಅವೇ ದೃಶ್ಯಗಳು. ಇಂತಹ ಚಿತ್ರಗಳನ್ನು ಮಕ್ಕಳು ನೋಡಬಹುದೇ ಎಂದು ತಂದೆತಾಯಿಗಳು ಕೇಳುತ್ತಾರೆ. ನೋಡಬೇಡವೆಂದು ಗದರುವುದು ಸುಲಭ. ಹೇಗೆ ನೋಡಬೇಕೆಂದು ಕಲಿಸುವುದು ಕಷ್ಟ. ಕಷ್ಟವಾದ ಆ ಎರಡನೆಯ ಕಾರ್ಯವನ್ನು ಕುರಿತು ನಾವು ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯಬಯಸುತ್ತೇವೆ.

ಚಲನಚಿತ್ರವೆಂಬುದು ನಮ್ಮ ಗುಬ್ಬಿ ಸೀಮೆಗೆ ಹೊರಗಿನ ವಸ್ತುವೇನಲ್ಲ. ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಸಂಸ್ಥೆಯಿಂದ 1954ರಲ್ಲಿ ಬಂದ ‘ಬೇಡರ ಕಣ್ಣಪ್ಪ’ದಲ್ಲಿಯೇ ಡಾ. ರಾಜಕುಮಾರ್ ಮೊದಲ ಬಾರಿಗೆ ನಾಯಕರಾದುದು. ಕೊಲ್ಲುವುದೇ ಕಸುಬಾಗಿದ್ದ ಬೇಡನೊಬ್ಬ ತನ್ನ ಕಣ್ಣನ್ನೇ ಕಿತ್ತು ಶಿವನಿಗೆ ಅರ್ಪಿಸುವ ಎತ್ತರಕ್ಕೆ ಏರಿದ ಕಥೆ ಅದು. 41 ವರ್ಷಗಳ ತರುವಾಯ, 1995ರಲ್ಲಿ, ಅದೇ ರಾಜಕುಮಾರರ ಮನೆತನದ ನಿರ್ಮಾಣದಲ್ಲಿ, ಉಪೇಂದ್ರರ ನಿರ್ದೇಶನದಲ್ಲಿ ‘ಓಂ’ ತೆರೆಗೆ ಬಂದಿತು. ಅರ್ಚಕರ ಮನೆಯ ಹುಡುಗನೊಬ್ಬ ರೌಡಿಯಾಗುವ ಆ ಕಥೆಯಲ್ಲಿ ಶಿವರಾಜಕುಮಾರ್ ನಾಯಕರು; ಬೆಂಗಳೂರಿನ ನಿಜವಾದ ರೌಡಿಗಳೇ ಕೆಲವರು ಅದರಲ್ಲಿ ಪಾತ್ರ ವಹಿಸಿದ್ದರು. ಅಲ್ಲಿಂದೀಚೆಗೆ ಕನ್ನಡ ತೆರೆಯ ಮೇಲೆ ಮಚ್ಚು ಹಿಡಿದ ನಾಯಕರ ಸಾಲೇ ಬೆಳೆಯಿತು.

ಈ ಸಾಲಿನಲ್ಲಿ ನಿಂತು ವಿಚಾರಿಸಬೇಕಾದ ಚಿತ್ರವೊಂದಿದೆ. ಅದು 2007ರಲ್ಲಿ ಬಂದ, ಕೆ. ಎಂ. ಚೈತನ್ಯ ನಿರ್ದೇಶಿಸಿದ ‘ಆ ದಿನಗಳು’. ಭೂಗತ ಲೋಕದಲ್ಲಿದ್ದು ಹೊರಬಂದು ಪತ್ರಕರ್ತರಾದ ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಎಂಬ ಅನುಭವ ಕಥನ ಅದಕ್ಕೆ ಆಧಾರ. ಚಿತ್ರಕಥೆಯಲ್ಲಿ ಗಿರೀಶ ಕಾರ್ನಾಡರ ಕೈಯೂ ಇತ್ತು. ಕೊತ್ವಾಲ್ ರಾಮಚಂದ್ರನ ಪಾತ್ರ ವಹಿಸಿದ ಶರತ್ ಲೋಹಿತಾಶ್ವ ನಮ್ಮ ತುಮಕೂರು ಜಿಲ್ಲೆಯವರೇ ಆದ, 2022ರಲ್ಲಿ ಅಗಲಿದ ಪ್ರಾಧ್ಯಾಪಕ ಹಾಗೂ ನಟ ಟಿ. ಎಸ್. ಲೋಹಿತಾಶ್ವರ ಪುತ್ರರು.

ಚಿತ್ರದ ಹಿಂದಿರುವ ಇತಿಹಾಸ ಸಂಕ್ಷಿಪ್ತವಾದುದು, ಕಠೋರವಾದುದು. 1970ರ ದಶಕದಲ್ಲಿ ರಾಜಕಾರಣದ ನೆರಳಿನಲ್ಲಿ ಬೆಳೆದ ಎಂ. ಪಿ. ಜಯರಾಜ್ ಬೆಂಗಳೂರನ್ನು ನಡುಗಿಸಿದನು. ಅವನಿಗೆ ಎದುರಾಗಿ ಕೊತ್ವಾಲ್ ತಲೆಯೆತ್ತಿದನು. 1986ರಲ್ಲಿ ಕೊತ್ವಾಲ್ ಹತನಾದನು. ಎದುರಾಳಿ ಇಲ್ಲವಾದನೆಂದು ಜಯರಾಜ್ ನೆಮ್ಮದಿಯಿಂದ ಬಾಳಿದನೇ? ನಾಲ್ಕು ವರ್ಷವೂ ಸರಿಯಾಗಿ ಸಲ್ಲಲಿಲ್ಲ. 1989ರಲ್ಲಿ ಬೆಂಗಳೂರಿನ ಬೀದಿಯಲ್ಲಿ ಅವನೂ ಗುಂಡಿಗೆ ಬಲಿಯಾದನು. ಜೊತೆಯಲ್ಲಿದ್ದ ವಕೀಲರೊಬ್ಬರ ಪ್ರಾಣವೂ ಹೋಯಿತು. ಇಡೀ ನಗರವೇ ಹೆದರಿದ್ದ ಇಬ್ಬರ ಆಳ್ವಿಕೆಯ ಕೊನೆ ಇಷ್ಟೇ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಗೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. ‘ಆ ದಿನಗಳು’ ಬಂದ 2007ರಲ್ಲಿಯೇ ಇಂಗ್ಲೆಂಡಿನಲ್ಲಿ ‘ರೈಸ್ ಆಫ್ ದಿ ಫುಟ್‌ಸೋಲ್ಜರ್’ ಎಂಬ ಚಿತ್ರ ತೆರೆಕಂಡಿತು. ಅದಕ್ಕೂ ಆಧಾರ ಆ ಲೋಕದಿಂದ ಬದುಕುಳಿದು ಬಂದ ಕಾರ್ಲ್ಟನ್ ಲೀಚ್ ಎಂಬಾತನ ಆತ್ಮಕಥನ. ಫುಟ್‌ಬಾಲ್ ಪಂದ್ಯಗಳಲ್ಲಿ ಹೊಡೆದಾಡುವ ಪುಂಡರ ಗುಂಪಿನಿಂದ ನೈಟ್‌ಕ್ಲಬ್ಬಿನ ಬಾಗಿಲು ಕಾಯುವ ಕೆಲಸಕ್ಕೆ, ಅಲ್ಲಿಂದ ಅಪರಾಧ ಲೋಕಕ್ಕೆ ಆತ ಏರಿದನು. 1995ರ ಡಿಸೆಂಬರಿನಲ್ಲಿ ಎಸೆಕ್ಸ್ ಪ್ರಾಂತ್ಯದ ರೆಟೆಂಡನ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಕುಳಿತಿದ್ದ ಮೂವರು ಗುಂಡೇಟಿನಿಂದ ಸತ್ತರು. ಆ ಘಟನೆಯ ಸುತ್ತಲೇ ಆ ಚಿತ್ರ ಹೆಣೆದುಕೊಂಡಿದೆ. ದೇಶ ಬೇರೆ, ಭಾಷೆ ಬೇರೆ. ಏಣಿ ಒಂದೇ, ಬೀಳುವ ಹಳ್ಳವೂ ಒಂದೇ.

ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎರಡು ಕಥೆಗಳನ್ನೂ ಹೇಳಿದವರು ಬದುಕುಳಿದವರು. ಸತ್ತವನು ಪುಸ್ತಕ ಬರೆಯುವುದಿಲ್ಲ. ಅವನ ಹೆಂಡತಿಯ ಮಾತಾಗಲಿ, ತಾಯಿಯ ಗೋಳಾಗಲಿ ತೆರೆಗೆ ಬರುವುದು ಅಪೂರ್ವ. 2005ರ ‘ಜೋಗಿ’ ಚಿತ್ರವನ್ನು ನಮ್ಮ ಹಳ್ಳಿಗಳ ತಾಯಂದಿರು ಕಣ್ಣೀರಿಟ್ಟು ನೋಡಿದುದಕ್ಕೆ ಕಾರಣವೂ ಇದೇ. ಹಳ್ಳಿಯ ತಾಯಿಯೊಬ್ಬಳು ಮಗನನ್ನು ಹುಡುಕುತ್ತ ಬೆಂಗಳೂರಿನಲ್ಲಿ ಅಲೆಯುವ ಕಥೆ ಅದು. ಆದುದರಿಂದ ಮಗನೊಡನೆ ಕುಳಿತು ಇಂತಹ ಚಿತ್ರ ನೋಡಿದಾಗ ಕೇಳಿರಿ: “ಅಪ್ಪಾ, ಬಿದ್ದವನ ಮನೆಯಲ್ಲಿ ಮರುದಿನ ಒಲೆ ಹೊತ್ತಿಸಿದವರು ಯಾರು?” ಈ ಒಂದು ಪ್ರಶ್ನೆ ಹತ್ತು ಬೈಗುಳಕ್ಕಿಂತ ಮೇಲು.

ಆದರೆ ನಮ್ಮ ಮುಖ್ಯ ಮಾತು ಮಕ್ಕಳಿಗಲ್ಲ, ಹಿರಿಯರಿಗೆ. ‘ಆ ದಿನಗಳು’ ಚಿತ್ರದಲ್ಲಿ ಕೊತ್ವಾಲನು ನಾಯಕನ ಬದುಕಿಗೆ ತಾನಾಗಿ ಬರುವುದಿಲ್ಲ. ಮಗ ಪ್ರೀತಿಸಿದ ಹುಡುಗಿ ಒಪ್ಪಿಗೆಯಾಗದೆ, ಅವರಿಬ್ಬರನ್ನು ಅಗಲಿಸಲು ಶ್ರೀಮಂತ ತಂದೆಯೇ ರೌಡಿಯ ನೆರವು ಬೇಡುತ್ತಾನೆ. ನೊಂದ ಮಗ ಇನ್ನೊಂದು ರೌಡಿ ಗುಂಪಿನ ಆಶ್ರಯಕ್ಕೆ ಓಡುತ್ತಾನೆ. ಪೂಜೆ ಪುನಸ್ಕಾರವುಳ್ಳ, ಮಾನವಂತರೆನಿಸಿದ ಮನೆಯವರೇ ಬಾಗಿಲು ತೆರೆದು ಮಚ್ಚನ್ನು ಒಳಗೆ ಕರೆದರು. ನಮ್ಮ ಊರುಗಳಲ್ಲಿ ಇದು ನಡೆಯುವುದಿಲ್ಲವೇ? ಅಣ್ಣತಮ್ಮಂದಿರ ತೋಟದ ಪಾಲು ಬಗೆಹರಿಯದಾಗ, ಕೊಟ್ಟ ಸಾಲ ಮರಳದಾಗ, ಮಗಳು ಬೇರೆ ಜಾತಿಯ ಹುಡುಗನನ್ನು ಒಪ್ಪಿದಾಗ, “ಪೇಟೆಯಲ್ಲಿ ನಮಗೊಬ್ಬರು ಗೊತ್ತು, ಒಂದು ಮಾತು ಹೇಳಿಸೋಣ” ಎನ್ನುವವರು ಯಾರು? ಹುಡುಗರಲ್ಲ, ಪಂಚೆಯುಟ್ಟ ಹಿರಿಯರು. ಆ ಮಾತನ್ನು ಹಜಾರದ ಕಂಬದ ಹಿಂದೆ ನಿಂತು ಕೇಳಿದ ಹುಡುಗನಿಗೆ ನ್ಯಾಯ ಎಲ್ಲಿ ಸಿಕ್ಕುತ್ತದೆಂಬ ಪಾಠ ಅಂದೇ ಆಗಿಬಿಡುತ್ತದೆ. ಸಿನಿಮಾ ಅದಕ್ಕೆ ಬಣ್ಣ ಬಳಿಯುತ್ತದೆ, ಅಷ್ಟೆ.

ಕಡಬದವರಿಗೆ ಕೆರೆಯ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟು ದೊಡ್ಡ ಕೆರೆಯ ಏರಿಗೂ ಭಯ ಅಲೆಯಿಂದಲ್ಲ, ಇಲಿ ಕೊರೆದ ಬಿಲದಿಂದ. ಬಿಲವನ್ನು ಬೇಸಿಗೆಯಲ್ಲಿಯೇ ಮುಚ್ಚಬೇಕು. ಕೋಡಿ ಬಿದ್ದ ಮೇಲೆ ಬುಟ್ಟಿ ಮಣ್ಣು ಹಿಡಿದು ಓಡಿದರೆ ಫಲವಿಲ್ಲ. ಮನೆಯ ವ್ಯಾಜ್ಯವನ್ನು ಊರ ಹಿರಿಯರ ಮುಂದೆ ಇಡಿರಿ. ಅಲ್ಲಿ ತೀರದಿದ್ದರೆ ನ್ಯಾಯಾಲಯವಿದೆ, ತಡವಾದರೂ ತಾಳಿರಿ. ಮಗ ದುಡಿಮೆಗೆ ಮೀರಿದ ಹಣ ತಂದರೆ, ಎಣಿಸುವ ಮೊದಲು ಎಲ್ಲಿಂದ ಬಂದಿತೆಂದು ಕೇಳಿರಿ. ಕಾಯಕವಿಲ್ಲದ ಹಣವನ್ನು ಮನೆಯೊಳಗೆ ಬಿಟ್ಟುಕೊಂಡು ಮಗನನ್ನು ಮಾತ್ರ ದೂರುವುದು ನ್ಯಾಯವಲ್ಲ.

ಇನ್ನು, ಕಾಲು ಜಾರಿದ ಹುಡುಗರ ವಿಷಯ. ಉರಿಲಿಂಗಪೆದ್ದಿಗಳು ಮೊದಲು ಕಳ್ಳರಾಗಿದ್ದರೆಂದು ನಮ್ಮಲ್ಲಿ ಪ್ರತೀತಿ. ಕನ್ನವಿಕ್ಕಲು ಹೋದ ಮನೆಯಲ್ಲಿ ಗುರುವನ್ನು ಕಂಡು ಮನಸ್ಸು ತಿರುಗಿತು. ಗುರು ಬಾಗಿಲು ಮುಚ್ಚಲಿಲ್ಲ. ಮುಂದೆ ಅವರೇ ಆ ಪೀಠಕ್ಕೆ ಒಡೆಯರಾದರು. ಕೊತ್ವಾಲನಿಗೂ ಜಯರಾಜನಿಗೂ ಏರುವ ಏಣಿ ತೋರಿಸಿದವರು ಅನೇಕರಿದ್ದರು. ಇಳಿದು ಬಾ ಎಂದು ಕೈ ಚಾಚಿದವರು ಇದ್ದಂತೆ ತೋರುವುದಿಲ್ಲ. ಹಬ್ಬಕ್ಕೆ ಬಂದ ಮಗನ ಮಾತು ಒರಟಾಗಿ ಕಂಡರೆ ಅವನನ್ನು ಅಂಗಳದಲ್ಲಿಯೇ ನಿಲ್ಲಿಸಬೇಡಿರಿ. ಪಕ್ಕದಲ್ಲಿ ಎಲೆ ಹಾಕಿ ಊಟಕ್ಕೆ ಕೂರಿಸಿರಿ; ಯಾರೊಡನೆ ಇರುವೆ, ಏನು ಮಾಡುತ್ತಿರುವೆ ಎಂದು ಸಮಾಧಾನದಿಂದ ವಿಚಾರಿಸಿರಿ.