ಗಿಟಾರಿನ ಎದೆ ಕೊರೆಯಬೇಡಿ

ನಮ್ಮ ಸಂಘದ ರಾಜ್ಯೋತ್ಸವದ ಭಾವಗೀತೆಗಳಿಗೆ ಗಿಟಾರ್ ಇರಲಿ ಅಂತ ಎಲ್ಲರೂ ಒಪ್ಪಿದ್ದೇವೆ. ಅದರ ದನಿ ಹಿಂದಿನ ಸಾಲಿಗೆ ಮುಟ್ಟಿಸೋದು ಹೇಗೆ ಅನ್ನೋದರಲ್ಲೇ ಜಗಳ. ಗೆಳೆಯನೊಬ್ಬನ ಕಾಕಾ ಬಿಟ್ಟುಹೋದ ಹಳೆಯ ಆರ್ಚ್‌ಟಾಪ್ ಗಿಟಾರಿನ ಮೇಲಿನ ಹಲಗೆ ಕೊರೆದು ಪಿಕಪ್ ಕೂರಿಸಬೇಕು, ಖರ್ಚು ಸಂಘದ್ದು ಎಂದು ಹೋದ ಸಭೆಯಲ್ಲಿ ಸೂಚನೆ ಬಂತು. ಗೆಳೆಯ ಏನೂ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಅಂತ ಬರೆದುಕೊಂಡರು. ಸಂಘದ ಲೆಕ್ಕ ಇಡುವವನು ನಾನು. ಈ ಖರ್ಚಿಗೆ ನನ್ನ ವಿರೋಧವಿದೆ.

ಇದು ಅಂಗಡಿಯಲ್ಲಿ ನೇತುಹಾಕಿರುವ ಸಾದಾ ಗಿಟಾರಲ್ಲ. ಮುಖದ ಹಲಗೆ ಪಿಟೀಲಿನದರಂತೆ ಉಬ್ಬಿದೆ, ಎರಡು ಕಡೆ ಪಿಟೀಲಿನಂತೆಯೇ ಸೀಳು. ದಪ್ಪ ಮರವನ್ನು ಕೆತ್ತಿ, ಅಂಚಿನ ಕಡೆ ತೆಳು ಮಾಡಿ ಆ ಉಬ್ಬು ತರುತ್ತಾರೆ. ಉಕ್ಕಿನ ತಂತಿಗಳು ಮರದ ಕುದುರೆಯನ್ನು ಒತ್ತುತ್ತವೆ, ಕುದುರೆ ಹಲಗೆಯನ್ನು ನಡುಗಿಸುತ್ತದೆ. ಗಿಬ್ಸನ್ ಕಂಪನಿಯ ಎಲ್-5 ಬಂದದ್ದು 1920ರ ದಶಕದಲ್ಲಿ. ತುತ್ತೂರಿಗಳ ನಡುವೆಯೂ ಇದರ ದನಿ ಕೇಳಿಸುತ್ತದೆ ಅಂತಲೇ ಜಾಝ್ ಬ್ಯಾಂಡಿನವರು ಇಂಥ ಗಿಟಾರ್ ಹಿಡಿದರು.

'ಚಾರ್ಲಿ ಕ್ರಿಶ್ಚಿಯನ್ ಪಿಕಪ್ ಹಾಕಿ ನುಡಿಸಲಿಲ್ಲೇನು? ಹಿಂದ ಕುಂತವರಿಗೆ ಕೇಳಬೇಕೋ ಬ್ಯಾಡೋ?' ಎಂದು ಒಬ್ಬರು ಕೇಳಿದರು. ನುಡಿಸಿದ, ನಿಜ. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿ ಗಿಟಾರನ್ನು ಹಿಂದಿನಿಂದ ಮುಂದಕ್ಕೆ ತಂದ. ಆದರೆ ಅವನ ಇಎಸ್-150, 1936ರಲ್ಲಿ ಪಿಕಪ್ ಸಮೇತವೇ ಮಾರಾಟಕ್ಕೆ ಬಂದ ಗಿಟಾರು. ಪಿಕಪ್ ಅಂದರೆ ಅಯಸ್ಕಾಂತ, ಅದರ ಜೊತೆ ತಾಮ್ರದ ಸುರುಳಿ. ಅದಕ್ಕೆ ಉಕ್ಕಿನ ತಂತಿ ಅಲುಗಿದ್ದು ಗೊತ್ತಾಗುತ್ತದೆಯೇ ಹೊರತು ಮರ ಹಾಡಿದ್ದು ಅಷ್ಟಾಗಿ ತಿಳಿಯದು. ಮೇಲಾಗಿ ಚುರುಕಾದ ಹಲಗೆ ಸ್ಪೀಕರಿನ ಸದ್ದಿಗೂ ನಡುಗಿ ಊಳಿಡುತ್ತದೆ. 1949ರ ಇಎಸ್-175ಕ್ಕೆ ಕಂಪನಿಯವರೇ ಕೆತ್ತಿದ ಹಲಗೆ ಬಿಟ್ಟು ಪ್ಲೈವುಡ್ ಹಾಕಿದರು. ಕೆತ್ತಿದ ಹಲಗೆಯನ್ನೇ ಕೊರೆದು ಅದರ ಮೇಲೆ ಭಾರ ಹೇರಿದರೆ ಮರದ ದನಿಯೂ ಮಂಕಾಗುತ್ತದೆ, ಊಳೂ ತಪ್ಪೋದಿಲ್ಲ. ಲಾಭ ಎಲ್ಲಿ ಬಂತು?

ವಾದ್ಯವನ್ನು ಮುಟ್ಟಲೇಬಾರದು ಅನ್ನುವ ಮಡಿವಂತ ನಾನಲ್ಲ. ಬ್ರಿಜ್‌ಭೂಷಣ್ ಕಾಬ್ರಾ ಗಿಬ್ಸನ್ ಸೂಪರ್ 400ರ ತಂತಿಗಳನ್ನು ಎತ್ತರಿಸಿ, ಶ್ರುತಿಯ ತಂತಿ ಸೇರಿಸಿ, ತೊಡೆಯ ಮೇಲೆ ಮಲಗಿಸಿ ರಾಗ ನುಡಿಸಿದರು. 1967ರ 'ಕಾಲ್ ಆಫ್ ದ ವ್ಯಾಲಿ'ಯಲ್ಲಿ ಸಂತೂರ್, ಕೊಳಲಿನ ಜೊತೆ ಕೇಳಿಸುವುದು ಅವರ ಗಿಟಾರೇ. ವಿಶ್ವಮೋಹನ ಭಟ್ಟರ ಮೋಹನವೀಣೆಯೂ ಇದೇ ಆರ್ಚ್‌ಟಾಪ್ ಕುಲದ್ದು. ಅದಕ್ಕೆ ಸುಮಾರು 20 ತಂತಿ ಹೂಡಿದರು. ಅವರು ಬದಲಿಸಿದ್ದು ರಾಗಕ್ಕಾಗಿ. ನಾವು ಕೊರೆಯಹೊರಟಿರೋದು ಬರೀ ಸದ್ದಿಗಾಗಿ.

ನಮ್ಮ ಕಾರ್ಯಕ್ರಮದಲ್ಲಿ ಇರೋದು ಹಾರ್ಮೋನಿಯಂ, ತಬಲಾ. ಡ್ರಮ್ ಸೆಟ್ ಇಲ್ಲ. ಗಿಟಾರಿನ ಮುಂದೆ ಒಂದೂವರೆ ಗೇಣು ದೂರದಲ್ಲಿ, ಸೀಳಿಗೂ ಕುದುರೆಗೂ ನಡುವೆ ಮುಖ ಮಾಡಿ ಒಂದು ಮೈಕ್ ಇಡಿ. ಸ್ಪೀಕರುಗಳು ಮೈಕಿಗಿಂತ ಮುಂದಿರಲಿ, ಜನರ ಕಡೆ ತಿರುಗಿರಲಿ. ಗುಂಯ್ ಅಂದರೆ ಬಾಸ್ ಸ್ವಲ್ಪ ಇಳಿಸಿ. (ಮೈಕಿನವನಿಗೆ ಇದನ್ನು ಹೇಳೋ ಧೈರ್ಯ ಯಾರಾದರೂ ಮಾಡಬೇಕು. ಹೋದ ವರ್ಷ ಅವನು ಎಲ್ಲವನ್ನೂ ತುದಿಗೆ ತಿರುಗಿಸಿ ಚಹಾಕ್ಕೆ ಹೋಗಿಬಿಟ್ಟಿದ್ದ.) ಅದೂ ಸಾಲದಿದ್ದರೆ ಗಿಟಾರಿನ ಕುತ್ತಿಗೆಯ ತುದಿಗೋ, ಹಲಗೆಗೆ ತಾಗದೆ ಮೇಲೆ ನಿಲ್ಲುವ ಪಟ್ಟಿಗೋ ಕೂರಿಸುವ ಪಿಕಪ್ ಸಿಗುತ್ತದೆ. ವೀಣೆಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿಕೊಳ್ಳುವ ವೈಣಿಕರಿಲ್ಲವೇ? ಬೇಡವಾದ ದಿನ ಕಿತ್ತರಾಯಿತು. ಲೆಕ್ಕದಲ್ಲಿ ತಪ್ಪು ಬರೆದರೆ ಎದುರು ನಮೂದು ಹಾಕಿ ಸರಿಮಾಡಬಹುದು. ಕೊರೆದ ಹಲಗೆಗೆ ಅಂಥ ನಮೂದಿಲ್ಲ.

ಕನ್ನಡ ಮಾಧ್ಯಮದಿಂದ ಈ ಹೈದರಾಬಾದಿನ ಕಾಲೇಜಿಗೆ ಬಂದ ನನ್ನಂಥವರಿಗೆ 'ಜೋರಾಗಿ ಹೇಳು' ಅನ್ನುವ ಮಾತು ಹೊಸದೇನಲ್ಲ. ಜೋರು ಮಾಡಿದಾಗಲೆಲ್ಲ ಬಾಯಿಂದ ಬರೋದು ಬೇರೆ ಯಾರದೋ ದನಿ. ಬಹುಶಃ ಅದಕ್ಕೇ ನನಗೆ ಈ ಗಿಟಾರಿನ ಮೇಲೆ ಇಷ್ಟು ಪಕ್ಷಪಾತ.

ಬರುವ ಶನಿವಾರ ಸಂಜೆ ಹಾಲಿನ ಬೀಗ ತೆಗೆಸೋಣ. ಒಂದೇ ಮೈಕಿಟ್ಟು ಗೆಳೆಯ ನುಡಿಸಲಿ, ಬೇಡ ಅನ್ನುವವರು ಕಡೆಯ ಬೆಂಚಿನಲ್ಲಿ ಕೂತು ಕೇಳಲಿ. ಕೊರೆಯುವ ಮಾತು ಆಮೇಲೆ. ಅಲ್ಲಿಯವರೆಗೆ ಆ ಚೀಟಿಗೆ ನನ್ನ ಸಹಿ ಇಲ್ಲ.