ನುಂಗಿ ನೀರು ಕುಡಿಯುವ ಕ್ಯಾಚ್ ಬ್ಲಾಕು

ನಾನು ಹಿಂದೆ ಕೆಲಸ ಮಾಡ್ತಿದ್ದ ಕಂಪನಿಯಲ್ಲಿ ಗ್ರಾಹಕರಿಗೆ ರೀಫಂಡ್ ಕಳಿಸೋ ಒಂದು ಪ್ರೋಗ್ರಾಮ್ ಇತ್ತು. ರಾತ್ರಿ ಎರಡಕ್ಕೆ ಓಡೋದು, ಬೆಳಗ್ಗೆ ಎಲ್ಲರ ಇನ್‌ಬಾಕ್ಸಿಗೆ "ಸಕ್ಸೆಸ್" ಅಂತ ಒಂದು ಮೇಲ್ ಹಾಕೋದು. ಹನ್ನೊಂದು ದಿನ ಸಕ್ಸೆಸ್ ಮೇಲ್ ಬಂತು. ಆ ಹನ್ನೊಂದು ದಿನ ಒಬ್ಬರಿಗೂ ರೀಫಂಡ್ ಹೋಗಿರಲಿಲ್ಲ. ಯಾವುದೋ ಸರ್ಟಿಫಿಕೇಟ್ ಅವಧಿ ಮುಗಿದು ಬ್ಯಾಂಕಿನ ಜೊತೆಗಿನ ಸಂಪರ್ಕವೇ ಕಡಿದುಹೋಗಿತ್ತು. ಪ್ರೋಗ್ರಾಮು ಪ್ರತಿ ಸಲವೂ ಎಕ್ಸೆಪ್ಷನ್ ಎಸೆದು ಕೂಗಿಕೊಳ್ತಿತ್ತು. ಆ ಕೂಗು ಹಿಡಿಯೋಕೆ ಒಂದು ಕ್ಯಾಚ್ ಬ್ಲಾಕ್ ಕೂಡ ಇತ್ತು. ಅದರೊಳಗೆ ಏನೂ ಇರಲಿಲ್ಲ. ಫೋನ್ ಮಾಡಿದವರಿಗೆಲ್ಲ "ನಮ್ಮ ಕಡೆಯಿಂದ ಹೋಗಿದೆ ಸರ್, ನಿಮ್ಮ ಬ್ಯಾಂಕಲ್ಲಿ ವಿಚಾರಿಸಿ" ಅಂತ ಕಸ್ಟಮರ್ ಕೇರ್ ಹುಡುಗಿ ಹೇಳ್ತಿದ್ದಳು. ಅವಳದ್ದೇನೂ ಸುಳ್ಳಲ್ಲ ಪಾಪ, ಅವಳ ಸ್ಕ್ರೀನಿನಲ್ಲೂ ಹಾಗೇ ಇತ್ತು.

ಆ ಬ್ಲಾಕ್ ಬರೆದವನು ನಾನಲ್ಲ. ರಿವ್ಯೂ ಮಾಡಿ "ಎಲ್‌ಜಿಟಿಎಮ್" ಅಂತ ಹಾಕಿದವನು ನಾನು.

ಇದಕ್ಕಿಂತ ನಾಚಿಕೆಗೇಡಿನ ವಿಷಯ ಇನ್ನೊಂದಿದೆ. ನಮ್ಮ ಚೆಕಿಂಗ್ ಟೂಲು ಆ ಸಾಲನ್ನು ಮೊದಲ ದಿನವೇ ಹಿಡಿದಿತ್ತು. "ಖಾಲಿ ಕ್ಯಾಚ್ ಬ್ಲಾಕ್" ಅಂತ ಸಾಲಿನ ನಂಬರ್ ಸಮೇತ ಹೇಳಿತ್ತು. ಆದರೆ ಅದೇ ರಿಪೋರ್ಟಿನಲ್ಲಿ ಸ್ಪೇಸ್ ಸರಿ ಇಲ್ಲ, ವೇರಿಯಬಲ್ ಹೆಸರು ಚಿಕ್ಕದಾಯ್ತು, ಸಾಲು ಉದ್ದ ಆಯ್ತು ಅನ್ನೋ ಸಾವಿರಾರು ವಾರ್ನಿಂಗುಗಳಿದ್ದವು. ನಾವೆಲ್ಲ ಸೇರಿ ಅಷ್ಟನ್ನೂ ಒಟ್ಟಿಗೆ "ಹಳೇ ಬಾಕಿ" ಅಂತ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿದ್ದೆವು.

ಹಾಗಾಗಿ ಯಾರಾದರೂ "ಇಂಥ ತಪ್ಪು ಹಿಡಿಯೋಕೆ ಒಳ್ಳೇ ಟೂಲ್ ಬೇಕು" ಅಂದರೆ ನನಗೆ ಸಿಟ್ಟು ಬರುತ್ತೆ. ಟೂಲ್ ಇಲ್ವಾ? ಜಾವಾದವರಿಗೆ ಪಿಎಂಡಿ, ಸ್ಪಾಟ್‌ಬಗ್ಸ್, ಎರರ್ ಪ್ರೋನ್ ಇದೆ. ಪೈಥಾನಿಗೆ ಪೈಲಿಂಟ್, ಬ್ಯಾಂಡಿಟ್. ಜಾವಾಸ್ಕ್ರಿಪ್ಟಿಗೆ ಇಎಸ್‌ಲಿಂಟ್. ಗೋ ಭಾಷೆಗೆ ಎರ್‌ಚೆಕ್. ಎಲ್ಲವೂ ಪುಕ್ಕಟೆ. ಪೈಥಾನಲ್ಲಿ ಯಾವ ಎಕ್ಸೆಪ್ಷನ್ ಅಂತ ಹೇಳದೆ ಬರೀ "ಎಕ್ಸೆಪ್ಟ್" ಅಂತ ಬರೆದರೆ ಅದು ಕಂಟ್ರೋಲ್-ಸಿ ಒತ್ತಿದ್ದನ್ನೂ ನುಂಗಿಬಿಡುತ್ತೆ, ಲೂಪಿನೊಳಗಿದ್ದರೆ ಪ್ರೋಗ್ರಾಮ್ ನಿಲ್ಲಿಸೋಕೂ ಆಗಲ್ಲ. ಪೈಲಿಂಟ್ ಅದನ್ನು ಕ್ಷಣದಲ್ಲಿ ಹಿಡಿಯುತ್ತೆ. ಜಾವಾದಲ್ಲಿ "ಫೈನಲಿ" ಒಳಗೆ "ರಿಟರ್ನ್" ಬರೆದರೆ ಒಳಗಿಂದ ಬರ್ತಿದ್ದ ಎಕ್ಸೆಪ್ಷನ್ ಸದ್ದಿಲ್ಲದೆ ಮಾಯ. ಅದನ್ನು ಹೇಳೋಕೆ ಬೇರೆ ಟೂಲೂ ಬೇಡ, ಕೇಳಿದರೆ ಕಂಪೈಲರೇ ಹೇಳುತ್ತೆ. ನಾವು ಕೇಳಲ್ಲ ಅಷ್ಟೇ.

2014ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಕಸಾಂಡ್ರಾ, ಎಚ್‌ಬೇಸ್, ಎಚ್‌ಡಿಎಫ್‌ಎಸ್, ಮ್ಯಾಪ್‌ರೆಡ್ಯೂಸ್, ರೆಡಿಸ್ ಈ ಐದು ಸಿಸ್ಟಮ್‌ಗಳಲ್ಲಿ ಗ್ರಾಹಕರಿಗೆ ನಿಜವಾಗಿ ಎದುರಾದ 198 ವೈಫಲ್ಯಗಳನ್ನು ಕೆದಕಿ ನೋಡಿದರು. ಇಡೀ ಸಿಸ್ಟಮ್ಮನ್ನೇ ಮಲಗಿಸಿದಂಥ ಅನಾಹುತಗಳಲ್ಲಿ ಶೇ. 92ರಷ್ಟಕ್ಕೆ ಕಾರಣ, ಪ್ರೋಗ್ರಾಮು ತಾನಾಗಿಯೇ ಬಾಯಿಬಿಟ್ಟು ಹೇಳಿದ ಸಣ್ಣ ಎರರ್ ಅನ್ನು ಸರಿಯಾಗಿ ನಿಭಾಯಿಸದೇ ಇದ್ದದ್ದು. ಶೇ. 35ರಷ್ಟು ಅನಾಹುತಗಳಂತೂ ತೀರಾ ಬಾಲಿಶ ತಪ್ಪುಗಳಿಂದ ಆದವು: ಹ್ಯಾಂಡ್ಲರ್ ಖಾಲಿ, ಅಥವಾ ಒಂದು ಲಾಗ್ ಸಾಲು ಮಾತ್ರ, ಸಿಕ್ಕಿದ್ದನ್ನೆಲ್ಲ ಒಂದೇ ಬಲೆಯಲ್ಲಿ ಹಿಡಿದು ಇಡೀ ಸಿಸ್ಟಮ್ ಬಂದ್ ಮಾಡೋದು, "ಟುಡೂ" ಅಂತ ಕಾಮೆಂಟ್ ಬರೆದು ಎದ್ದುಹೋಗೋದು. ಈ ಮೂರನ್ನೇ ಹುಡುಕೋಕೆ ಅವರು ಆಸ್ಪಿರೇಟರ್ ಅನ್ನೋ ಸರಳ ಟೂಲ್ ಬರೆದು ಒಂಬತ್ತು ಸಿಸ್ಟಮ್‌ಗಳ ಮೇಲೆ ಓಡಿಸಿದರು. ಸಿಕ್ಕಿದ್ದರಲ್ಲಿ 143ನ್ನು ಆಯಾ ಡೆವಲಪರ್‌ಗಳೇ "ಹೌದು, ತಪ್ಪು" ಅಂತ ಒಪ್ಪಿಕೊಂಡರು ಅಥವಾ ಸರಿಪಡಿಸಿದರು. ಅವರೇನು ಕಾಲೇಜು ಪ್ರಾಜೆಕ್ಟ್ ಹುಡುಗರಲ್ಲ, ಜಗತ್ತಿನ ದೊಡ್ಡ ಡೇಟಾ ಹೊರುವ ಸಾಫ್ಟ್‌ವೇರ್ ಬರೆಯೋರು.

ಟೂಲ್ ಹಿಡಿದಾಗ ನಾವೇನು ಮಾಡ್ತೀವಿ? ಅದರ ಬಾಯಿ ಮುಚ್ಚಿಸ್ತೀವಿ. ಇಎಸ್‌ಲಿಂಟಿನ ಖಾಲಿ ಬ್ಲಾಕ್ ನಿಯಮಕ್ಕೆ ಒಳಗೊಂದು ಕಾಮೆಂಟ್ ಇದ್ದರೆ ಸಾಕು, ಸುಮ್ಮನಾಗುತ್ತೆ. ಪಿಎಂಡಿಗೆ ಎಕ್ಸೆಪ್ಷನ್ ವೇರಿಯಬಲ್ಲಿಗೆ "ಇಗ್ನೋರ್ಡ್" ಅಂತ ಹೆಸರಿಟ್ಟರೆ ಸಾಕು. ಯೋಚಿಸಿ ಬಿಟ್ಟಿದ್ದೀನಿ ಅಂತ ಹೇಳೋಕೆ ಕೊಟ್ಟ ಸೌಲಭ್ಯ ಅದು. ನಮಗದು ಕಳ್ಳಬಾಗಿಲು. ಎಕ್ಲಿಪ್ಸ್ ನೆನಪಿದೆಯಾ? ಕೆಂಪು ಗೆರೆ ಮೇಲೆ ಕ್ಲಿಕ್ ಮಾಡಿದರೆ ತಾನೇ ಕ್ಯಾಚ್ ಬ್ಲಾಕ್ ಬರೆದು, "ಟುಡೂ" ಅಂತ ಕಾಮೆಂಟ್ ಹಾಕಿ, ಪ್ರಿಂಟ್‌ಸ್ಟ್ಯಾಕ್‌ಟ್ರೇಸ್ ಅಂಟಿಸಿ ಕೊಡ್ತಿತ್ತು. ಒಂದು ತಲೆಮಾರಿನ ಡೆವಲಪರ್‌ಗಳು ಎಕ್ಸೆಪ್ಷನ್ ಹ್ಯಾಂಡ್ಲಿಂಗ್ ಅಂದರೆ ಅಷ್ಟೇ ಅಂದುಕೊಂಡು ಬೆಳೆದಿದ್ದೀವಿ, ನಾನೂ ಸೇರಿದಂತೆ. ಈಗ ಎಐ ಅಸಿಸ್ಟೆಂಟಿಗೆ "ಈ ಎರರ್ ತೆಗಿ" ಅಂದು ನೋಡಿ, ಎಷ್ಟೋ ಸಲ ಸುತ್ತ ಒಂದು ದೊಡ್ಡ ಟ್ರೈ-ಕ್ಯಾಚ್ ಹೊದಿಸಿ ಕೊಡುತ್ತೆ. ಕಲಿತಿದ್ದು ನಮ್ಮಿಂದಲೇ ತಾನೆ.

"ಟೂಲಿಗೆ ಸಂದರ್ಭ ಅರ್ಥ ಆಗಲ್ಲ, ಫಾಲ್ಸ್ ಅಲಾರ್ಮ್ ಜಾಸ್ತಿ" ಅನ್ನೋ ವಾದ ಗೊತ್ತು. ಅರ್ಧ ನಿಜ. ಆಗಲೇ ಅಳಿಸಿಹೋದ ಫೈಲನ್ನು ಮತ್ತೆ ಅಳಿಸಹೋದಾಗ ಬರೋ ಎಕ್ಸೆಪ್ಷನ್ ನುಂಗಿದರೆ ಪ್ರಪಂಚ ಮುಳುಗಲ್ಲ. ಅದಕ್ಕೆ ಪೈಥಾನಲ್ಲಿ ಕಾಂಟೆಕ್ಸ್ಟ್‌ಲಿಬ್‌ನ "ಸಪ್ರೆಸ್" ಇದೆ: ಯಾವುದನ್ನು ನುಂಗ್ತಿದ್ದೀನಿ ಅಂತ ಹೆಸರು ಹೇಳಿ ನುಂಗಬಹುದು. ಇನ್ನು ಟೂಲಿನ ನಿಜವಾದ ಮಿತಿ ಇದರ ಉಲ್ಟಾ. ಅದು ಬಿಟ್ಟುಬಿಡೋದೇ ಜಾಸ್ತಿ. ಖಾಲಿ ಬ್ಲಾಕಿಗೆ ಒಂದು ಲಾಗ್ ಸಾಲು ತುಂಬಿಸಿ, ಬಹುಪಾಲು ಲಿಂಟರ್‌ಗಳು ಪಾಸ್ ಅನ್ನುತ್ತವೆ. ಯಾರೂ ಓದದ ಲಾಗಿಗೂ ಖಾಲಿ ಬ್ಲಾಕಿಗೂ ರೀಫಂಡ್ ಕಾಯ್ತಾ ಕೂತವನ ಪಾಲಿಗೆ ಏನು ವ್ಯತ್ಯಾಸ? ಅಲ್ಲಿ ರಿವ್ಯೂ ಮಾಡೋ ಮನುಷ್ಯ "ಇದಾದ ಮೇಲೆ ಮುಂದೇನಾಗುತ್ತೆ?" ಅಂತ ಕೇಳಲೇಬೇಕು. ಬ್ಯಾಂಕ್ ಕನೆಕ್ಷನ್ನನ್ನು ಬೇಕಂತಲೇ ಕಡಿದು ಟೆಸ್ಟ್ ಓಡಿಸಿ ನೋಡಬೇಕು. ಅಷ್ಟು ಮಾಡಿದ್ದರೆ ನಮ್ಮ ಹನ್ನೊಂದು ದಿನ ಅರ್ಧ ಗಂಟೆಯಲ್ಲಿ ಮುಗೀತಿತ್ತು.

ನನ್ನ ತಕರಾರು ಸಾವಿರ ನಿಯಮ ಆನ್ ಮಾಡಿ ಒಂದನ್ನೂ ಪಾಲಿಸದಿರೋ ಚಾಳಿಯ ಮೇಲೆ. ಸ್ಪೇಸು, ಕಾಮಾ, ಸಾಲಿನ ಉದ್ದ ಎಲ್ಲ ಫಾರ್ಮ್ಯಾಟರ್ ನೋಡಿಕೊಳ್ಳಲಿ. ಖಾಲಿ ಹ್ಯಾಂಡ್ಲರ್, ಹೆಸರಿಲ್ಲದ ಕ್ಯಾಚ್, ಫೈನಲಿ ಒಳಗಿನ ರಿಟರ್ನ್, ಕೇಳದೆ ಬಿಟ್ಟ ಎರರ್, ಹ್ಯಾಂಡ್ಲರಿನಲ್ಲಿ ಟುಡೂ, ಈ ಐದಕ್ಕೆ ಮಾತ್ರ ವಾರ್ನಿಂಗ್ ಬೇಡ, ಬಿಲ್ಡ್ ನಿಲ್ಲಲಿ. ಬಿಡಲೇಬೇಕಾದ ಕಡೆ ಬಿಟ್ಟವರ ಹೆಸರು, ಕಾರಣ ಪಕ್ಕದಲ್ಲೇ ಇರಲಿ. "ಇಗ್ನೋರ್" ಅನ್ನೋದು ಕಾರಣ ಅಲ್ಲ.

ರೀಫಂಡ್ ಪ್ರಕರಣ ಆದ ವಾರ ನಾನು ನಮ್ಮಲ್ಲಿ ಇದನ್ನೇ ಕೇಳಿದೆ. ಮೊದಲ ನಿಯಮ ಒಂದನ್ನೇ ಆನ್ ಮಾಡಿದ್ದಕ್ಕೆ ಬಿಲ್ಡ್ ನಿಂತುಹೋಯ್ತು. ಸಿಕ್ಕ ಖಾಲಿ ಬ್ಲಾಕುಗಳಲ್ಲಿ ಒಂದು, ದಿನಾ ಬೆಳಗ್ಗೆ ಸಕ್ಸೆಸ್ ಮೇಲ್ ಕಳಿಸೋ ಫಂಕ್ಷನ್ನಿನಲ್ಲೇ ಇತ್ತು. ಮ್ಯಾನೇಜರ್ ಬಂದು ನೋಡಿದರು, ತಲೆಯಾಡಿಸಿದರು. "ಪಾಯಿಂಟ್ ಕರೆಕ್ಟ್. ಆದರೆ ಗುರುವಾರ ರಿಲೀಸ್ ಇದೆ. ಸದ್ಯಕ್ಕೆ ವಾರ್ನಿಂಗ್ ಮಾಡಿಡು, ಆಮೇಲೆ ನೋಡೋಣ" ಅಂದರು. ಎರಡು ವರ್ಷ ಬಿಟ್ಟು ನಾನು ಕೆಲಸ ಬಿಟ್ಟಾಗಲೂ ಅದು ವಾರ್ನಿಂಗ್ ಆಗಿಯೇ ಇತ್ತು.